ಕಾದಂಬರಿ ಓದಿದರೆ ಏನು ಸಿಗುತ್ತದೆ? – ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಕಾದಂಬರಿ ಓದಿನ ಬಗ್ಗೆಯೇ ಇವೆ. ಸಾರ್ವಜನಿಕ ಗ್ರಂಥಾಲಯದ ಶಾಖೆಯೊಂದರಲ್ಲಿ ಪುಸ್ತಕ ಕೊಡುತ್ತಾ, ವಾಪಸು ಪಡೆಯುತ್ತಾ ನಿವೃತ್ತಳಾದವಳು ನಾನು. ಇದಕ್ಕಿಂತ ಇಷ್ಟದ ವಿಷಯ ನನಗೆ ಇನ್ನೊಂದಿಲ್ಲ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು, ಈ ಸಲ ಪುಟವನ್ನೆಲ್ಲ ಕಾದಂಬರಿಗೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನನಗೆ ಐವತ್ತನಾಲ್ಕು ವರ್ಷ. ಮಗಳ ಮದುವೆಯಾಗಿದೆ, ಮಗ ಹೊರಊರಿನಲ್ಲಿದ್ದಾನೆ. ಮಧ್ಯಾಹ್ನ ಅತ್ತೆಯವರಿಗೆ ಊಟ, ಮಾತ್ರೆ ಕೊಟ್ಟು ಮಲಗಿಸಿದ ಮೇಲೆ ಎರಡು ಗಂಟೆ ನನಗೆ ಬಿಡುವು. ಆಗ ಕಾದಂಬರಿ ಹಿಡಿದು ಕೂರುತ್ತೇನೆ. ನಮ್ಮ ಯಜಮಾನರು ‘ಅದರಿಂದ ಏನು ಸಿಗುತ್ತದೆ? ಓದುವುದಾದರೆ ಭಗವದ್ಗೀತೆ ಓದು’ ಎನ್ನುತ್ತಾರೆ. ಮಗಳು ಫೋನ್ ಮಾಡಿದಾಗ ‘ಇನ್ನೂ ತ್ರಿವೇಣಿ, ಎಂ.ಕೆ. ಇಂದಿರಾ ಓದುತ್ತಾ ಇದ್ದೀಯಾ ಅಮ್ಮಾ?’ ಎಂದು ನಗುತ್ತಾಳೆ. ಇಬ್ಬರಿಗೂ ಏನು ಹೇಳಲಿ? – ಓದುಗರೊಬ್ಬರು, ಅರಸೀಕೆರೆ

ಉತ್ತರ: ಸಂತೋಷ ಸಿಗುತ್ತದೆ ಎಂದು ಹೇಳಿ. ಅಷ್ಟೇ ಸಾಕು. ಜ್ಞಾನ ಬರುತ್ತದೆ, ಭಾಷೆ ಸುಧಾರಿಸುತ್ತದೆ, ಮರೆವು ದೂರವಾಗುತ್ತದೆ ಎಂದೆಲ್ಲ ಸಮಜಾಯಿಷಿ ಕೊಡಲು ಹೋಗಬೇಡಿ. ಬೆಳಿಗ್ಗೆಯಿಂದ ಮನೆಯವರ ತಿಂಡಿ, ಊಟ, ಔಷಧಿ ನೋಡಿಕೊಂಡವರು ಎರಡು ಗಂಟೆಯನ್ನು ತಮಗಾಗಿ ಇಟ್ಟುಕೊಂಡರೆ ಅದರ ಲೆಕ್ಕವನ್ನು ಯಾರಿಗೂ ಒಪ್ಪಿಸಬೇಕಾಗಿಲ್ಲ. ಗಂಡಸರು ಸಂಜೆಯಿಂದ ರಾತ್ರಿಯವರೆಗೆ ಕ್ರಿಕೆಟ್ ನೋಡಿದರೆ ಅದರಿಂದ ಏನು ಸಿಕ್ಕಿತು ಎಂದು ಯಾವ ಮನೆಯಲ್ಲೂ ಕೇಳುವುದಿಲ್ಲ. ಗೀತೆ ದೊಡ್ಡ ಗ್ರಂಥ, ಅದನ್ನು ಓದುವ ಹೊತ್ತು ಬೇರೆ, ಮನಸ್ಸು ಬೇರೆ. ನಿಮಗೆ ಬೇಕೆನಿಸಿದ ದಿನ ನೀವೇ ಅದನ್ನು ತೆಗೆಯುತ್ತೀರಿ.

ಖುಷಿಗಾಗಿ ಕಾದಂಬರಿ ಓದುವುದು ಕನ್ನಡದಲ್ಲಿ ಇಂದು ನಿನ್ನೆಯ ಚಾಳಿಯಲ್ಲ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬಂದದ್ದು 1899ರಲ್ಲಿ. ಎಳೆಯ ವಯಸ್ಸಿನ ವಿಧವೆಯೊಬ್ಬಳು ಓದು ಕಲಿತು ಮರುಮದುವೆಯಾಗುವ ಕಥೆಯನ್ನು ಆ ಕಾಲದಲ್ಲೇ ಜನ ಓದಿದರು. ಹಾವೇರಿ ಸೀಮೆಯ ಗಳಗನಾಥರು ತಾವೇ ಬರೆದ ಪುಸ್ತಕಗಳ ಹೊರೆಯನ್ನು ಹೊತ್ತು ಊರೂರು ಅಲೆದು ಮಾರಿದವರು. ಕೊಂಡವರು ಪರೀಕ್ಷೆಗೆ ಕೂರುವವರಾಗಿರಲಿಲ್ಲ. ಮುಂದೇನಾಯಿತು ಎಂದು ತಿಳಿಯುವ ಆಸೆಯಿಂದ ಕಾಸು ಬಿಚ್ಚಿದವರು. 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಆರಂಭಿಸಿದಾಗ ನೆಚ್ಚಿಕೊಂಡದ್ದೂ ಇಂಥವರನ್ನೇ. ವರ್ಷದ ಚಂದಾ ಕಟ್ಟಿದವರಿಗೆ ಆ ವರ್ಷದ ಪುಸ್ತಕಗಳು ಸಿಗುತ್ತಿದ್ದವು. ಯಾವ ಪುಸ್ತಕ ಎಂದು ನೋಡುವ ಮೊದಲೇ ಹಣ ಕೊಟ್ಟ ಆ ಸಾಮಾನ್ಯ ಓದುಗರ ಋಣ ನಮ್ಮ ಸಾಹಿತ್ಯದ ಮೇಲೆ ಬಹಳ ಇದೆ. ಸಾಹಿತ್ಯ ಚರಿತ್ರೆಯಲ್ಲಿ ಅವರಿಗೆ ಒಂದು ಅಧ್ಯಾಯವಿಲ್ಲ ಎನ್ನುವುದು ನನ್ನನ್ನು ಬಹಳ ಕಾಡುತ್ತದೆ.

ಧಾರಾವಾಹಿಗಳ ಕಾಲವನ್ನು ನೀವೂ ಕಂಡಿರುತ್ತೀರಿ. ವಾರಪತ್ರಿಕೆ ಬಂದ ದಿನ ಮನೆಯಲ್ಲಿ ಮೊದಲು ಯಾರು ಓದಬೇಕು ಎಂಬುದಕ್ಕೆ ಜಗಳವಾಗುತ್ತಿತ್ತು. ನನ್ನ ಚಿಕ್ಕಮ್ಮ ಧಾರಾವಾಹಿಯ ಹಾಳೆಗಳನ್ನು ಕತ್ತರಿಸಿ ಅಕ್ಕಿ ಡಬ್ಬಿಯ ಕೆಳಗೆ ಒತ್ತಿಡುತ್ತಿದ್ದರು. ಕೊನೆಯ ಕಂತು ಬಂದ ಮೇಲೆ ದಬ್ಬಣದಿಂದ ಮೂರು ತೂತು ಮಾಡಿ, ಗೋಣಿದಾರ ಪೋಣಿಸಿ, ಕ್ಯಾಲೆಂಡರಿನ ದಪ್ಪ ಹಾಳೆಯಲ್ಲಿ ರಟ್ಟು ಹಾಕುತ್ತಿದ್ದರು. ಕಂತಿನ ಮಗ್ಗುಲಲ್ಲಿ ಅರ್ಧ ಕತ್ತರಿಸಿಹೋದ ಸೀರೆ ಜಾಹೀರಾತು, ಚಿತ್ರ ಬಿಡಿಸಿದ ಕಲಾವಿದರ ಸಹಿ, ‘ಮುಂದಿನ ವಾರಕ್ಕೆ’ ಎಂಬ ಸಾಲು ಎಲ್ಲವೂ ಅದರಲ್ಲಿ ಸೇರಿಕೊಂಡಿರುತ್ತಿದ್ದವು. ಬೀದಿಯ ಹತ್ತಾರು ಮನೆ ಸುತ್ತಿ ಬಂದರೂ ಆ ಹೊಲಿಗೆ ಬಿಚ್ಚುತ್ತಿರಲಿಲ್ಲ.

ಇನ್ನು ಮಗಳ ನಗುವಿನ ವಿಷಯ. ‘ಅಡುಗೆಮನೆ ಸಾಹಿತ್ಯ’ ಎಂಬ ಮೂದಲಿಕೆ ಇವತ್ತಿನದಲ್ಲ. ಆ ಮಾತು ಆಡಿದವರಿಗೆ ಅಡುಗೆಮನೆಯಲ್ಲಿ ಎಷ್ಟು ನಡೆಯುತ್ತದೆ ಎಂಬುದು ಗೊತ್ತಿರಲಿಲ್ಲ ಎಂದೇ ನಾನು ತಿಳಿದಿದ್ದೇನೆ. ತ್ರಿವೇಣಿಯವರು 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಅಷ್ಟರಲ್ಲೇ ‘ಶರಪಂಜರ’ದಂಥ ಕಾದಂಬರಿ ಬರೆದಿದ್ದರು. ಹೆರಿಗೆಯ ನಂತರ ಮನಸ್ಸು ಕದಡಿದ ಹೆಂಗಸು ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬಂದರೂ ಮನೆಯವರ ಕಣ್ಣಿನಲ್ಲಿ ಗುಣವಾಗದೆ ಉಳಿಯುವುದನ್ನು ಅವರು ಬರೆದಾಗ, ಆ ವಿಷಯವನ್ನು ಮನೆಗಳಲ್ಲಿ ಬಾಯಿಬಿಟ್ಟು ಆಡುವವರೇ ಇರಲಿಲ್ಲ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರ’ ಬಂದದ್ದು ಅವರಿಗೆ ನಲವತ್ತೈದು ದಾಟಿದ ಮೇಲೆ. ‘ಫಣಿಯಮ್ಮ’ 1976ರದು. ತಮ್ಮ ಬಂಧುಬಳಗದಲ್ಲೇ ಬಾಳಿದ ಬಾಲವಿಧವೆಯೊಬ್ಬರ ನಿಜವಾದ ಬದುಕನ್ನು ಅವರು ಅದರಲ್ಲಿ ಕಥೆಯಾಗಿಸಿದರು. ಮಗಳು ಹಬ್ಬಕ್ಕೆ ಬಂದಾಗ ಅದನ್ನು ಅವಳ ಚೀಲಕ್ಕೆ ಹಾಕಿ ಕಳಿಸಿ. ದೊಡ್ಡ ಪುಸ್ತಕವೇನಲ್ಲ. ರೈಲಿನಲ್ಲಿ ಓದಿ ಮುಗಿಸಬಹುದು.

ನೀವು ಅರಸೀಕೆರೆಯವರಾದ್ದರಿಂದ ಇನ್ನೊಂದು ಪುಸ್ತಕ ಹೇಳಲೇಬೇಕು. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ ನಡೆಯುವುದು ನಿಮ್ಮ ನೆರೆಯ ಚನ್ನರಾಯಪಟ್ಟಣ, ತಿಪಟೂರು ಸೀಮೆಯಲ್ಲೇ. ಕೈಲಾಗದ ಶಾನುಭೋಗ ಗಂಡನ ಲೆಕ್ಕವನ್ನು ಅದರಲ್ಲಿ ನಂಜಮ್ಮ ತಾನೇ ಬರೆಯುತ್ತಾಳೆ, ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳನ್ನು ಸಾಕುತ್ತಾಳೆ. ನಮ್ಮ ಗ್ರಂಥಾಲಯದ ಹಿಂದಿನ ಬೀದಿಯಲ್ಲಿ ಹೂ ಕಟ್ಟುತ್ತಿದ್ದ ಒಬ್ಬರು ಆ ಪುಸ್ತಕವನ್ನು ವಾಪಸು ತಂದಾಗ ಕೌಂಟರಿನ ಮೇಲೆ ಇಟ್ಟರೂ ಅದರ ಮೇಲಿನ ಕೈ ತೆಗೆಯಲಿಲ್ಲ. ‘ಪ್ಲೇಗಿನಲ್ಲಿ ಆ ಮಕ್ಕಳನ್ನು ಉಳಿಸಬಹುದಿತ್ತು’ ಎಂದು ಲೇಖಕರ ಮೇಲೆ ನಿಜವಾಗಿ ಸಿಟ್ಟಾಗಿದ್ದರು. ಆಮೇಲೆ ಅದೇ ಪುಸ್ತಕವನ್ನು ಮತ್ತೊಂದು ಅವಧಿಗೆ ಬರೆಸಿಕೊಂಡು ಹೋದರು. ದುಃಖದ ಕಥೆ ಓದಿ ಖುಷಿ ಹೇಗಾಗುತ್ತದೆ ಎಂದು ಕೇಳುವವರಿಗೆ ನನ್ನ ಬಳಿ ಇರುವ ಉತ್ತರ ಅವರೇ.

ಯಜಮಾನರಿಗೆ ವಾದದಿಂದ ಒಪ್ಪಿಸಲು ಹೋಗಬೇಡಿ. ರಾತ್ರಿ ಊಟವಾದ ಮೇಲೆ ಒಂದು ಪುಟ ಗಟ್ಟಿಯಾಗಿ ಓದಿ ಹೇಳಿ, ಕುತೂಹಲದ ಜಾಗದಲ್ಲಿ ನಿಲ್ಲಿಸಿ ಪುಸ್ತಕ ಮುಚ್ಚಿ.

ಪ್ರಶ್ನೆ: ಪಿಯುಸಿಯಲ್ಲಿ ಇದ್ದಾಗ ರಾತ್ರಿಯಿಡೀ ಓದುತ್ತಿದ್ದೆ. ಈಗ ಇಪ್ಪತ್ತೇಳು ವರ್ಷ, ಸಾಫ್ಟ್‌ವೇರ್ ಕೆಲಸ. ವರ್ಷಕ್ಕೆ ಐವತ್ತು ಪುಸ್ತಕ ಓದುವ ಗುರಿ ಇಟ್ಟುಕೊಂಡೆ, ಪಟ್ಟಿ ಮಾಡಿದೆ, ದಿನಕ್ಕೆ ಇಷ್ಟು ಪುಟ ಎಂದು ಹಂಚಿಕೊಂಡೆ. ಐದು ಪುಟ ಓದುವಷ್ಟರಲ್ಲಿ ಕೈ ಮೊಬೈಲಿಗೆ ಹೋಗುತ್ತದೆ. ಓದುವ ಶಕ್ತಿಯೇ ಹೋಗಿಬಿಟ್ಟಿದೆಯೇ? – ಓದುಗ, ಬೆಂಗಳೂರು

ಉತ್ತರ: ಹೋಗಿಲ್ಲ. ನಿಮ್ಮ ತೊಂದರೆ ಮೊಬೈಲಿಗಿಂತ ಮೊದಲು ಆ ಪಟ್ಟಿಯಲ್ಲಿದೆ ಎಂದು ನನಗೆ ಅನಿಸುತ್ತದೆ. ಐವತ್ತು ಪುಸ್ತಕದ ಗುರಿ ಇಟ್ಟುಕೊಂಡವರು ಓದುತ್ತಿರುವ ಪುಟದಲ್ಲಿ ಇರುವುದಿಲ್ಲ, ಉಳಿದ ಪುಟಗಳ ಲೆಕ್ಕದಲ್ಲಿರುತ್ತಾರೆ. ಹಗಲೆಲ್ಲ ಕಚೇರಿಯಲ್ಲಿ ಗುರಿ ಮುಟ್ಟುವ ಕೆಲಸ, ಮನೆಗೆ ಬಂದ ಮೇಲೂ ಅದೇ ಎಂದರೆ ಮನಸ್ಸು ತಪ್ಪಿಸಿಕೊಳ್ಳದೆ ಏನು ಮಾಡುತ್ತದೆ? ಪಟ್ಟಿಯನ್ನು ಇವತ್ತೇ ಅಳಿಸಿಹಾಕಿ. ಈ ವರ್ಷ ನಾಲ್ಕೇ ಕಾದಂಬರಿ ಓದಿದರೂ ಕೊರತೆಯೇನಿಲ್ಲ.

ಎರಡನೆಯದು, ಐದೈದು ನಿಮಿಷದ ಓದು ಕಾದಂಬರಿಗೆ ಒಗ್ಗುವುದಿಲ್ಲ. ಮೊದಲ ನಲವತ್ತು ಐವತ್ತು ಪುಟಗಳಲ್ಲಿ ಊರು, ಮನೆ, ನಂಟು, ಹೆಸರುಗಳೆಲ್ಲ ಬರುತ್ತಿರುತ್ತವೆ. ಅಲ್ಲಿ ಬಿಟ್ಟುಬಿಟ್ಟು ಓದಿದರೆ ಪ್ರತಿ ಸಲವೂ ಅಪರಿಚಿತರ ನಡುವೆ ಹೋಗಿ ನಿಂತಂತಾಗುತ್ತದೆ, ಬೇಸರ ಬರುತ್ತದೆ. ಆದ್ದರಿಂದ ಶುರು ಮಾಡುವ ದಿನವನ್ನು ಜಾಣತನದಿಂದ ಆರಿಸಿಕೊಳ್ಳಿ. ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಒಂದೂವರೆ ಗಂಟೆ ಕುಳಿತು ಆ ಮೊದಲ ಪುಟಗಳನ್ನು ಒಟ್ಟಿಗೆ ದಾಟಿಬಿಡಿ. ಮೊಬೈಲನ್ನು ಇನ್ನೊಂದು ಕೋಣೆಯಲ್ಲಿ ಚಾರ್ಜಿಗೆ ಹಾಕಿ ಬಾಗಿಲು ಎಳೆದುಕೊಳ್ಳಿ. ಮಗುಚಿಟ್ಟು ಪಕ್ಕದಲ್ಲಿ ಇಟ್ಟುಕೊಂಡರೆ ಪ್ರಯೋಜನವಿಲ್ಲ. ಜನರ ಪರಿಚಯವಾದ ಮೇಲೆ ಮೆಟ್ರೊದಲ್ಲಿ, ಡಾಕ್ಟರ ಬಳಿ ಕಾಯುವಾಗ, ಎಲ್ಲಿ ಬೇಕಾದರೂ ಹತ್ತು ನಿಮಿಷ ಓದಬಹುದು.

ಯಾವುದರಿಂದ ಶುರು ಮಾಡಲಿ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. 1980ರಲ್ಲಿ ಬಂದ ಸಣ್ಣ ಪುಸ್ತಕ. ಮೂಡಿಗೆರೆಯ ಜೇನು ಸೊಸೈಟಿಯಲ್ಲಿ ಶುರುವಾಗುವ ಮಾತುಕತೆ ಎಲ್ಲೆಲ್ಲೋ ಹೋಗಿ, ಮಂದಣ್ಣನ ಮದುವೆಯ ಚಿಂತೆ, ಅವನ ಮೇಲಿನ ಕೇಸು, ಕರಿಯಪ್ಪನ ಬಿರಿಯಾನಿ ಎಲ್ಲವನ್ನೂ ಹಾದು, ಕಾಡಿನೊಳಗೆ ಹಾರುವ ಓತಿಯೊಂದರ ಬೆನ್ನು ಹತ್ತುತ್ತದೆ. ಜೇನು ಹಿಡಿಯುವ ಹಳ್ಳಿಯ ಹುಡುಗನನ್ನು ವಿಜ್ಞಾನಿಯೊಬ್ಬರು ತಮಗೆ ಸಮಾನ ಎಂಬಂತೆ ಗೌರವಿಸುವುದನ್ನು ಓದುವಾಗ ನನಗೆ ಇಂದಿಗೂ ಕಣ್ಣು ತುಂಬುತ್ತದೆ. ಅದು ಹಿಡಿಸಿದರೆ ‘ಜುಗಾರಿ ಕ್ರಾಸ್’ ತೆಗೆಯಿರಿ. ಏಲಕ್ಕಿ ಮಾರಲು ಹೊರಟ ಸುರೇಶ, ಗೌರಿ ಎಂಬ ಗಂಡ ಹೆಂಡತಿ ಸಿಕ್ಕಿಕೊಳ್ಳುವ ಅಪಾಯದ ಕಥೆ. ಅದನ್ನು ಮಾತ್ರ ಮರುದಿನ ಬೆಳಿಗ್ಗೆ ಮುಖ್ಯವಾದ ಮೀಟಿಂಗ್ ಇರುವ ರಾತ್ರಿ ಹಿಡಿಯಬೇಡಿ.

ಒಂದು ಬೇಡಿಕೆಯಿದೆ. ಕಾದಂಬರಿಯ ಸಾರಾಂಶವನ್ನು ಹತ್ತು ನಿಮಿಷದಲ್ಲಿ ಹೇಳುವ ವಿಡಿಯೊಗಳನ್ನು ಓದುವ ಮೊದಲು ನೋಡಬೇಡಿ. ‘ಗೃಹಭಂಗ’ದ ಸಾರಾಂಶವನ್ನು ಮೂರು ವಾಕ್ಯದಲ್ಲಿ ಹೇಳಬಹುದು. ಆ ಮೂರು ವಾಕ್ಯದಲ್ಲಿ ನಂಜಮ್ಮ ಇರುವುದಿಲ್ಲ.

ಪ್ರಶ್ನೆ: ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಮತ್ತೆ ಮತ್ತೆ ಹಿಡಿದು ಮತ್ತೆ ಮತ್ತೆ ಬಿಟ್ಟಿದ್ದೇನೆ. ಹೆಸರುಗಳು ಗೊಂದಲವಾಗುತ್ತವೆ, ನಮ್ಮ ಬಯಲುಸೀಮೆಯವರಿಗೆ ಆ ಕಾಡು, ಆ ಮಾತು ಎರಡೂ ಹೊಸದು. ಕನ್ನಡ ಮೇಷ್ಟ್ರಾಗಿ ಇದನ್ನು ಹೇಳಿಕೊಳ್ಳಲು ಸಂಕೋಚ. ಅರ್ಧಕ್ಕೆ ಬಿಡುವುದು ತಪ್ಪೇ? – ಶಿಕ್ಷಕರು, ಸಿಂಧನೂರು

ಉತ್ತರ: ತಪ್ಪಲ್ಲ ಮೇಷ್ಟ್ರೇ. ಮುಗಿಸಲೇಬೇಕೆಂಬ ಕಟ್ಟುಪಾಡು ಪಠ್ಯಪುಸ್ತಕಕ್ಕೆ ಇರಲಿ. ಬಿಡುವಿನ ಓದಿನಲ್ಲಿ ಹಿಡಿಸದ ಪುಸ್ತಕವನ್ನು ಕೆಳಗಿಡುವ ಸ್ವಾತಂತ್ರ್ಯವೇ ಅರ್ಧ ಸುಖ. ಆದರೆ ಮತ್ತೆ ಮತ್ತೆ ಹಿಡಿದಿದ್ದೀರಿ ಎಂದರೆ ಆ ಪುಸ್ತಕ ನಿಮ್ಮನ್ನು ಬಿಟ್ಟಿಲ್ಲ. ಇನ್ನೊಂದು ಸಲ ಬೇರೆ ರೀತಿಯಲ್ಲಿ ಪ್ರಯತ್ನಿಸಿ ನೋಡಿ.

ಅದು 1967ರಲ್ಲಿ ಬಂದದ್ದು, ‘ಕಾನೂರು ಹೆಗ್ಗಡಿತಿ’ಯಾಗಿ ಮೂವತ್ತೊಂದು ವರ್ಷದ ಮೇಲೆ. ಒಬ್ಬ ನಾಯಕ, ಒಬ್ಬ ನಾಯಕಿಯನ್ನು ಹುಡುಕುತ್ತಾ ಓದಿದರೆ ಅದು ಕೈಗೆ ಸಿಗುವುದಿಲ್ಲ. ನಾನು ಓದುಗರಿಗೆ ಹೇಳುತ್ತಿದ್ದ ಉಪಾಯ ಹೀಗಿತ್ತು: ಒಂದು ಅಂಚೆಕಾರ್ಡಿನ ಮೇಲೆ ಮೊದಲು ಮನೆಗಳ ಹೆಸರು ಬರೆದುಕೊಳ್ಳಿ. ಸಿಂಬಾವಿ, ಬೆಟ್ಟಳ್ಳಿ, ಹಳೆಮನೆ, ಕೋಣೂರು, ಮೇಗರವಳ್ಳಿ. ಹೊಸಬರು ಬಂದಾಗ ಅವರ ಹೆಸರನ್ನು ಆಯಾ ಮನೆಯ ಕೆಳಗೆ ಬರೆಯುತ್ತಾ ಹೋಗಿ. ಅದನ್ನೇ ಪುಟದ ಗುರುತಿಗೆ ಇಟ್ಟುಕೊಳ್ಳಿ. ನೂರು ಪುಟ ಕಳೆಯುವಷ್ಟರಲ್ಲಿ ಕಾರ್ಡು ಬೇಕಾಗುವುದಿಲ್ಲ.

ಇನ್ನೊಂದು, ನಾಯಿಗುತ್ತಿಯನ್ನು ಹಿಂಬಾಲಿಸಿ. ತಿಮ್ಮಿಯನ್ನು ಕರೆತರುವ ಆಸೆ ಹೊತ್ತು ತನ್ನ ನಾಯಿ ಹುಲಿಯನ ಜೊತೆ ಹೊರಡುವ ಆ ಜೀತದಾಳಿಗೆ ದಾರಿ ಗೊತ್ತು. ಅವನು ನಿಂತಲ್ಲಿ ನಿಲ್ಲಿ, ಅವನು ಹರಟಿದವರ ಮಾತು ಕೇಳಿ. ಮಲೆನಾಡಿನ ಮಾತು ಒಂದೆರಡು ಕಡೆ ತಿಳಿಯದಿದ್ದರೆ ನಿಘಂಟು ತೆಗೆಯದೆ ಮುಂದೆ ಸಾಗಿ. ನಾಲ್ಕನೆಯ ಸಲ ಬರುವಷ್ಟರಲ್ಲಿ ಅದು ತಾನಾಗಿ ತಿಳಿದಿರುತ್ತದೆ. ಮಲೆನಾಡಿನವರು ನಿಮ್ಮ ಕಡೆಯ ಕಥೆಗಳನ್ನು ಓದುವುದೂ ಹೀಗೆಯೇ. ಮಳೆಗಾಲದಲ್ಲಿ ಓದಿ ಎಂದು ಸಿಂಧನೂರಿನವರಿಗೆ ಹೇಗೆ ಹೇಳಲಿ! ಶಾಲೆಗೆ ರಜೆ ಇರುವ ಏಪ್ರಿಲ್, ಮೇ ತಿಂಗಳಲ್ಲಿ ಓದಿ. ಹೊರಗೆ ಕೆಂಡದಂಥ ಬಿಸಿಲಿರುವಾಗ ಆ ಕಾಡಿನ ನೆರಳು ಇನ್ನೂ ಹಿತವಾಗುತ್ತದೆ.

ಪ್ರಶ್ನೆ: ಎಂಟನೆಯ ತರಗತಿಯ ಮಗ ಪತ್ತೇದಾರಿ ಕಾದಂಬರಿ ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಒಳ್ಳೆಯ ಸಾಹಿತ್ಯಕ್ಕೆ ಅವನನ್ನು ತರುವುದು ಹೇಗೆ? – ತಾಯಿ, ದಾವಣಗೆರೆ

ಉತ್ತರ: ಮಗ ಓದುತ್ತಿದ್ದಾನೆ. ದಯವಿಟ್ಟು ಅಡ್ಡ ಬರಬೇಡಿ. ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳನ್ನು ಬರೆದರು. ಅವರಿಗೆ ಹೆಚ್ಚಿನ ಶಾಲಾ ಶಿಕ್ಷಣ ಇರಲಿಲ್ಲ. ಅವರ ಪತ್ತೇದಾರ ಪುರುಷೋತ್ತಮನ ಹಿಂದೆ ಓಡಿ ಕನ್ನಡ ಓದುವ ರೂಢಿ ಹಚ್ಚಿಕೊಂಡವರು ಒಂದು ತಲೆಮಾರಿನ ತುಂಬ ಇದ್ದಾರೆ. ನಮ್ಮ ಗ್ರಂಥಾಲಯಕ್ಕೆ ಬರುತ್ತಿದ್ದ ಗಂಭೀರ ಓದುಗರಲ್ಲಿ ಅನೇಕರು ಆ ದಾರಿಯಿಂದಲೇ ಬಂದವರು. ಕೊಲೆಗಾರ ಯಾರು ಎಂದು ಹುಡುಕುವ ಹುಡುಗ ಮಾತಿನ ನಡುವಿನ ಸುಳಿವು ಹಿಡಿಯಲು ಕಲಿಯುತ್ತಾನೆ, ಪುಟದಲ್ಲಿ ಗಂಟೆಗಟ್ಟಲೆ ನಿಲ್ಲಲು ಕಲಿಯುತ್ತಾನೆ. ಒಳ್ಳೆಯದು ಎಂದು ನೀವು ನಂಬಿದ ಒಂದೆರಡು ಪುಸ್ತಕವನ್ನು ಅವನ ಕೈಗೆಟಕುವ ಕಡೆ ಸುಮ್ಮನೆ ಬಿಟ್ಟಿರಿ. ಓದಿದೆಯಾ ಎಂದು ಕೇಳಬೇಡಿ. ನೀವೇ ಅವುಗಳಲ್ಲಿ ಒಂದನ್ನು ಅವನೆದುರು ಕುಳಿತು ಓದಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ನಾನು ಲಾರಿ ಚಾಲಕ. ರಾತ್ರಿ ಗಾಡಿ ಓಡಿಸುವಾಗ ಮೊಬೈಲಿನಲ್ಲಿ ಕಾದಂಬರಿ ಕೇಳುತ್ತೇನೆ. ಅದು ಓದಿದ ಹಾಗೆ ಆಗುವುದಿಲ್ಲ ಎಂದು ಗೆಳೆಯ ಹೇಳುತ್ತಾನೆ. ನಿಜವೇ? – ಓದುಗ, ಹುಬ್ಬಳ್ಳಿ

ಉತ್ತರ: ಗಮಕಿಗಳ ಬಾಯಿಂದ ಕುಮಾರವ್ಯಾಸನನ್ನು ಕೇಳುತ್ತಾ ಬಂದ ನಾಡು ನಮ್ಮದು. ಅಕ್ಷರ ಬಾರದ ಎಷ್ಟೋ ಹಿರಿಯರಿಗೆ ಭಾರತದ ಪದ್ಯಗಳು ಬಾಯಿಪಾಠವಿದ್ದವು. ಧೈರ್ಯವಾಗಿ ಕೇಳಿ. ರಸ್ತೆಯ ಮೇಲಿನ ಗಮನ ತಪ್ಪುವಷ್ಟು ಕಥೆ ಹಿಡಿದುಕೊಂಡರೆ ಮಾತ್ರ ಗಾಡಿಯನ್ನು ಡಾಬಾದ ಬಳಿ ನಿಲ್ಲಿಸಿ, ಚಹಾ ಕುಡಿಯುತ್ತಾ ಆ ಅಧ್ಯಾಯ ಮುಗಿಸಿಕೊಂಡು ಹೊರಡಿ.

ಪ್ರಶ್ನೆ: ಪುಸ್ತಕ ಕೊಳ್ಳುವಷ್ಟು ಅನುಕೂಲವಿಲ್ಲ. ನಮ್ಮೂರ ಗ್ರಂಥಾಲಯದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳೇ ತುಂಬಿವೆ, ಕಾದಂಬರಿಗಳು ಹಳೆಯವು, ಹಾಳೆ ಹರಿದವು. ಏನು ಮಾಡಲಿ? – ಓದುಗರು, ಹಿರಿಯೂರು ತಾಲ್ಲೂಕು

ಉತ್ತರ: ಪರೀಕ್ಷೆಗೆ ಓದುವ ಮಕ್ಕಳಿಗೆ ಆ ಪುಸ್ತಕಗಳು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಖುಷಿಗಾಗಿ ಓದುವವರು ಬಾಯಿಬಿಟ್ಟು ಕೇಳದೇ ಇರುವುದರಿಂದ ಅವರ ಕಪಾಟು ಬಡವಾಗುತ್ತಾ ಹೋಗುತ್ತದೆ. ಇದು ನನಗೆ ಬಹಳ ನೋವಿನ ವಿಷಯ. ಗ್ರಂಥಾಲಯ ಯಾರೋ ಕೊಟ್ಟ ದಾನವಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ಅದರ ಶೇ 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ. ನಿಮ್ಮ ಮನೆಯ ಕಂದಾಯದ ರಸೀದಿ ತೆಗೆದು ನೋಡಿ, ಅದಕ್ಕೊಂದು ಸಾಲು ಇರುತ್ತದೆ. ಹಳ್ಳಿಯ ಗ್ರಂಥಾಲಯಗಳು ಈಗ ಗ್ರಾಮ ಪಂಚಾಯಿತಿಯ ಕೈಕೆಳಗೆ ಇರುವುದರಿಂದ ಗ್ರಾಮಸಭೆಯಲ್ಲೂ ಈ ಮಾತು ಎತ್ತಬಹುದು.

ಮೊದಲು ಸದಸ್ಯರಾಗಿ. ಸದಸ್ಯರಲ್ಲದವರ ಬೇಡಿಕೆಗೆ ತೂಕ ಬರುವುದಿಲ್ಲ. ಆಮೇಲೆ ಓದುಗರ ಸಲಹಾ ಪುಸ್ತಕ ಕೇಳಿ ಪಡೆಯಿರಿ. ಅದರಲ್ಲಿ ‘ಒಳ್ಳೆಯ ಕಾದಂಬರಿ ತರಿಸಿ’ ಎಂದು ಬರೆಯಬೇಡಿ. ಅದನ್ನು ಓದಿ ಯಾರಿಗೂ ಏನೂ ಮಾಡಲು ಬರುವುದಿಲ್ಲ. ಕಾದಂಬರಿಯ ಹೆಸರು, ಲೇಖಕರು, ಪ್ರಕಾಶಕರು ಮೂರನ್ನೂ ಬರೆದು, ತಾರೀಖು ಹಾಕಿ ಸಹಿ ಮಾಡಿ. ನಿಮ್ಮಂತೆಯೇ ಓದುವ ನಾಲ್ಕು ಮಂದಿಯನ್ನು ಕರೆದೊಯ್ದು ಅದೇ ಪುಸ್ತಕದ ಹೆಸರನ್ನು ಅವರಿಂದಲೂ ಬರೆಸಿ. ಖರೀದಿಗೆ ಪಟ್ಟಿ ಹೋಗುವ ಕಾಲಕ್ಕೆ ಆ ಪುಟ ಕೆಲಸಕ್ಕೆ ಬರುತ್ತದೆ. ಹಾಗೆ ಬಂದ ಪುಸ್ತಕಗಳಿಗೆ ನಾನೇ ನಂಬರು ಹಾಕಿ ಕಪಾಟಿಗೆ ಏರಿಸಿದ್ದೇನೆ. ಹರಿದ ಹಳೆಯ ಕಾದಂಬರಿಗಳನ್ನು ರದ್ದಿಗೆ ಹಾಕುವ ಮೊದಲು ಬೈಂಡಿಂಗಿಗೆ ಕಳಿಸುವಂತೆಯೂ ಅಲ್ಲೇ ಒಂದು ಸಾಲು ಬರೆಯಿರಿ. ಅವುಗಳಲ್ಲಿ ಮರುಮುದ್ರಣ ಕಾಣದವು ಇದ್ದರೆ ಬೇರೆಲ್ಲೂ ಸಿಗಲಾರವು.